ನಾವು ಬಂದ ಕಥೆ, ನಾವು ಅರಿತ ಬಗೆ

(ಕ್ರೋಂಪೇಟೆಯ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



'ಐತಿಹಾಸಿಕ ಸಮಾಜಶಾಸ್ತ್ರದ ಜ್ಞಾನಮೀಮಾಂಸೆ' ಎಂಬ ವಿಷಯವನ್ನು ಆಹ್ವಾನಪತ್ರಿಕೆಯಲ್ಲಿ ಕಂಡ ಇಬ್ಬರು ಮಿತ್ರರು ನನಗೆ ದೂರವಾಣಿ ಮಾಡಿ, ಉಪನ್ಯಾಸದ ಅನಂತರ ಊಟವುಂಟೇ ಎಂದು ವಿಚಾರಿಸಿದರು. ಉಂಟು ಎಂದು ಕಾರ್ಯದರ್ಶಿಗಳು ಭರವಸೆ ಕೊಟ್ಟ ಮೇಲೆ ಸಭೆ ಇಷ್ಟು ತುಂಬಿದೆ. ವಿಷಯದ ಹೆಸರು ಭಾರವಾದದ್ದು, ನಿಜ. ಆದರೆ ಅದನ್ನು ನನ್ನ ತಲೆಯ ಮೇಲೆ ಹೊರಿಸಿದವರು ನೀವೇ. ಈ ಭಾಗದಲ್ಲಿ ನೆಲಸಿದ ಕನ್ನಡಿಗರ ಚರಿತ್ರೆಯನ್ನು ಕುರಿತು ಒಂದು ಗ್ರಂಥವನ್ನು ಹೊರತರಬೇಕೆಂದು ಸಂಘವು ನಿರ್ಣಯಿಸಿದೆ. ಮನೆಮನೆಗೆ ಹೋಗಿ ಹಿರಿಯರ ಮಾತನ್ನು ಬರೆದುಕೊಳ್ಳಲು ತರುಣರು ಸಿದ್ಧರಾಗಿದ್ದಾರೆ. ಸಂಪಾದಕ ಸಮಿತಿಯ ಮೊದಲ ಸಭೆಯಲ್ಲೇ ಒಂದು ಜಗಳ ಎದ್ದಿತು. ದಾಖಲೆಯಿಲ್ಲದ ಮಾತನ್ನು ಅಚ್ಚು ಹಾಕುವುದು ಸಲ್ಲದು ಎಂದು ಒಬ್ಬರು. ಅಜ್ಜಿ ಹೇಳಿದ್ದಕ್ಕಿಂತ ದೊಡ್ಡ ದಾಖಲೆ ಯಾವುದು ಎಂದು ಇನ್ನೊಬ್ಬರು. ಈ ಜಗಳದ ಶಾಸ್ತ್ರೀಯ ನಾಮಧೇಯವೇ ಜ್ಞಾನಮೀಮಾಂಸೆ. ನಾವು ತಿಳಿದಿದ್ದೇವೆ ಎಂದು ಹೇಳುವುದನ್ನು ಹೇಗೆ ತಿಳಿದೆವು, ಅದಕ್ಕೆ ಪ್ರಮಾಣವೇನು ಎಂಬ ವಿಚಾರ ಅದು.

ನಾನು ಮಾನಸಗಂಗೋತ್ರಿಯಲ್ಲಿ ಸಮಾಜಶಾಸ್ತ್ರವನ್ನು ಓದಿ, ಹೊಟ್ಟೆಪಾಡಿಗೆ ಕೇಂದ್ರ ಸರ್ಕಾರದ ಲೆಕ್ಕ ತಪಾಸಣೆಯ ಕೆಲಸಕ್ಕೆ ಸೇರಿದವನು. ಮೂರು ದಶಕಗಳಿಂದ ವೋಚರುಗಳನ್ನು ನೋಡುತ್ತಿದ್ದೇನೆ. ವೋಚರು ಇಲ್ಲದ ಖರ್ಚನ್ನು ನಾವು ಒಪ್ಪುವುದಿಲ್ಲ. ಆದರೆ ಖರ್ಚೇ ಆಗಿಲ್ಲ ಎಂದೂ ಬರೆಯುವುದಿಲ್ಲ. 'ಪರಿಶೀಲನೆಗೆ ದೊರೆತಿಲ್ಲ' ಎಂದು ಬರೆಯುತ್ತೇವೆ. ವೋಚರು ಇದ್ದ ಮಾತ್ರಕ್ಕೆ ಸರಕು ಬಂದಿದೆ ಎಂದು ನಂಬುವುದೂ ಇಲ್ಲ. ಉಗ್ರಾಣಕ್ಕೆ ಹೋಗಿ ನೋಡುತ್ತೇವೆ. ಈ ಎರಡು ಎಚ್ಚರಗಳು ಇಂದಿನ ಮಾತಿಗೂ ಸಾಕಷ್ಟು ಉಪಯೋಗಕ್ಕೆ ಬರುತ್ತವೆ.

ಮೊದಲಿಗೆ ನಾವು ಕುಳಿತಿರುವ ನೆಲದಿಂದಲೇ ಆರಂಭಿಸೋಣ. ಇಲ್ಲಿಂದ ಕೂಗಳತೆಯ ದೂರದಲ್ಲಿರುವ ಪಲ್ಲಾವರದಲ್ಲಿ 1863ರ ಮೇ 30ರಂದು ಭೂವಿಜ್ಞಾನ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಎಂಬಾತ ಜಲ್ಲಿಗುಂಡಿಯೊಂದರಲ್ಲಿ ಒಂದು ಕಲ್ಲನ್ನು ಕಂಡ. ಅದು ಹಳೆಯ ಶಿಲಾಯುಗದ ಕೈಗೊಡಲಿ. ಭಾರತದ ಪ್ರಾಗಿತಿಹಾಸದ ಅಧ್ಯಯನ ಆರಂಭವಾದದ್ದು ಆ ಕಲ್ಲಿನಿಂದ ಎಂದು ಹೇಳುವ ರೂಢಿಯಿದೆ. ಮುಂದೆ ಇದೇ ಫೂಟ್ ನಮ್ಮ ಬಳ್ಳಾರಿ ಸೀಮೆಯ ಗುಡ್ಡಗಳಲ್ಲಿ ನವಶಿಲಾಯುಗದ ನೆಲೆಗಳನ್ನು ಗುರುತಿಸಿದ. ನನಗೆ ಮುಖ್ಯವೆನಿಸುವುದು ಬೇರೊಂದು ಅಂಶ. ಆ ಕಲ್ಲು ಅಲ್ಲಿ ಲಕ್ಷಾಂತರ ವರ್ಷಗಳಿಂದ ಬಿದ್ದಿತ್ತು. ಎಷ್ಟೋ ಮಂದಿ ಅದನ್ನು ತುಳಿದು ಹೋಗಿರಬೇಕು. ಫ್ರಾನ್ಸಿನ ಸೋಮ್ ನದೀ ಕಣಿವೆಯಲ್ಲಿ ಸಿಕ್ಕ ಕಲ್ಲುಗಳು ಮನುಷ್ಯನ ಕೈಕೆಲಸವೇ ಹೌದೆಂದು 1859ರಲ್ಲಿ ವಿದ್ವಾಂಸರು ಒಪ್ಪಿಕೊಂಡ ಮೇಲೆ, ಆ ಸುದ್ದಿಯನ್ನು ತಲೆಯಲ್ಲಿಟ್ಟುಕೊಂಡು ನೆಲ ನೋಡುತ್ತ ನಡೆದವನಿಗೆ ಮಾತ್ರ ಅದು ಆಯುಧವಾಗಿ ಕಂಡಿತು. ಕಲ್ಲು ಮೊದಲಿನಿಂದಲೂ ಇತ್ತು. ಅದನ್ನು ಆಕರವಾಗಿಸಿದ್ದು ಪ್ರಶ್ನೆ.

ಇನ್ನು ಕ್ರೋಂಪೇಟೆಯ ಹೆಸರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮದರಾಸಿನಲ್ಲಿ ಕ್ರೋಮಿಯಂ ಲವಣಗಳಿಂದ ಚರ್ಮ ಹದಮಾಡುವ ಪ್ರಯೋಗಗಳನ್ನು ನಡೆಸಿದವನು ಆಲ್ಫ್ರೆಡ್ ಚಾಟರ್ಟನ್. ಅನಂತರ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕಾ ಇಲಾಖೆಯ ನಿರ್ದೇಶಕನಾದವನು ಇವನೇ. ಚೇಂಬರ್ಸ್ ಎಂಬ ಉದ್ಯಮಿ 1912ರಲ್ಲಿ ಇಲ್ಲಿ ಕ್ರೋಂ ಲೆದರ್ ಕಂಪನಿಯನ್ನು ಸ್ಥಾಪಿಸಿದ. ಕಾರ್ಖಾನೆಯ ಸುತ್ತ ಬೆಳೆದ ಪೇಟೆಗೆ ಆ ಹೆಸರೇ ನಿಂತಿತು. ಈಗ ಒಂದು ಊಹೆ ಮಾಡಿಕೊಳ್ಳಿ. ಐನೂರು ವರ್ಷಗಳು ಕಳೆದಿವೆ, ಕಂಪನಿಯ ಕಾಗದಪತ್ರಗಳೆಲ್ಲ ಗೆದ್ದಲಿಗೆ ಆಹುತಿಯಾಗಿವೆ, ಉಳಿದಿರುವುದು ಊರಿನ ಹೆಸರೊಂದೇ. ಆಗ ಒಬ್ಬ ವಿದ್ವಾಂಸ ಬರುತ್ತಾನೆ. ಈ ತೊಂಡೈಮಂಡಲವನ್ನು ಪೂರ್ವದಲ್ಲಿ ಕುರುಂಬರು ಆಳುತ್ತಿದ್ದರು, ಪುಳಲ್ ಅವರ ರಾಜಧಾನಿ, ಅವರನ್ನು ಆದೊಂಡ ಚೋಳನು ಸೋಲಿಸಿದನು ಎಂಬ ಐತಿಹ್ಯವು ಮೆಕೆಂಜಿ ಸಂಗ್ರಹದ ಹಸ್ತಪ್ರತಿಗಳಲ್ಲಿದೆ. ಕುರುಂಬರ್ ಎಂದರೆ ನಮ್ಮ ಕುರುಬರು; ಆದ್ದರಿಂದ ಕ್ರೋಂಪೇಟೆ ಎಂದರೆ ಕುರುಂಬಪೇಟೆ; ಆದ್ದರಿಂದ ಚೆನ್ನೈ ನಗರವು ಮೂಲತಃ ಕನ್ನಡಿಗರದು! ನೀವು ನಗುತ್ತಿದ್ದೀರಿ. ಆದರೆ ಇಂಥ ಸಿದ್ಧಾಂತಗಳಿಗೆ ನಾವು ರಾಜ್ಯೋತ್ಸವದ ವೇದಿಕೆಗಳಲ್ಲಿ ಚಪ್ಪಾಳೆ ತಟ್ಟಿದ್ದೂ ಉಂಟು.

ಸ್ಥಳನಾಮಗಳಿಂದ ಚರಿತ್ರೆಯನ್ನು ಅರಿಯಲು ಸಾಧ್ಯವಿಲ್ಲವೆಂದು ನನ್ನ ಅಭಿಪ್ರಾಯವಲ್ಲ. ಶಂ.ಬಾ. ಜೋಶಿಯವರು 'ಕಣ್ಮರೆಯಾದ ಕನ್ನಡ'ದಿಂದ ಹಿಡಿದು ಜೀವಮಾನವಿಡೀ ಊರ ಹೆಸರು, ಕುಲನಾಮ, ದೈವದ ಹೆಸರುಗಳನ್ನು ಜಾಲಾಡಿ, ಮಹಾರಾಷ್ಟ್ರದ ಒಳನಾಡಿನಲ್ಲಿ ಕನ್ನಡದ ಹಳೆಯ ಪದರವಿದೆಯೆಂದು ವಾದಿಸಿದರು. ಆ ವಾದದ ಎಲ್ಲ ಎಳೆಗಳೂ ಗಟ್ಟಿಯಲ್ಲ. ಆದರೆ ಅವರು ಕೇಳಿದ ಪ್ರಶ್ನೆ ದೊಡ್ಡದು. ಆ ಪ್ರಶ್ನೆಯನ್ನು ಶಾಸನಗಳು ತಾವಾಗಿ ಕೇಳುತ್ತಿರಲಿಲ್ಲ. ಒಂದೇ ಹೆಸರಿನ ಮೇಲೆ ಮಹಲು ಕಟ್ಟುವುದಕ್ಕೂ, ನೂರಾರು ಹೆಸರುಗಳ ವಿನ್ಯಾಸವನ್ನು ನೋಡಿ, ಅದಕ್ಕೆ ಬೇರೆ ಬಗೆಯ ಆಕರವೂ ಹೊಂದುತ್ತದೆಯೇ ಎಂದು ಪರೀಕ್ಷಿಸುವುದಕ್ಕೂ ಅಂತರವಿದೆ.

ಈ ಪರೀಕ್ಷೆ ಹೇಗೆ ನಡೆಯುತ್ತದೆಂಬುದಕ್ಕೆ ತಮಿಳುನಾಡಿನಲ್ಲೇ ಒಂದು ಉತ್ತಮ ನಿದರ್ಶನವಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನೀಲಗಿರಿಯ ಬಡಗರನ್ನು ನೀವು ಬಲ್ಲಿರಿ. ಬಡಗ ಎಂದರೆ ಉತ್ತರ ದಿಕ್ಕಿನವನು. ತಾವು ಮೈಸೂರು ಸೀಮೆಯಿಂದ ಬಂದವರೆಂದು ಅವರ ಹಿರಿಯರು ಹೇಳುತ್ತಾರೆ. ಏಳು ಮಂದಿ ಅಣ್ಣತಮ್ಮಂದಿರು, ಒಬ್ಬಳು ತಂಗಿ. ತಂಗಿಯ ಚೆಲುವಿಗೆ ಮರುಳಾದ ಮುಸಲ್ಮಾನ ದೊರೆಯೊಬ್ಬ ಅವಳನ್ನು ಬೇಡಿದ. ಮಾನ ಉಳಿಸಿಕೊಳ್ಳಲು ರಾತ್ರೋರಾತ್ರಿ ಬೆಟ್ಟವೇರಿದರು. ಇದು ಕಥೆಯ ತಿರುಳು. ಜನರ ಮಾತಿನಲ್ಲಿ ಆ ದೊರೆ ಟಿಪ್ಪು ಸುಲ್ತಾನನಾಗಿರುವುದೂ ಉಂಟು.

ಮೊದಲ ವೋಚರು. ಮಲೆಯಾಳ ಸೀಮೆಯಿಂದ ಕಳೆದುಹೋದ ಕ್ರೈಸ್ತ ಸಮುದಾಯವೊಂದು ಆ ಬೆಟ್ಟಗಳಲ್ಲಿರಬಹುದೆಂಬ ವದಂತಿಯನ್ನು ಕೇಳಿ, ಇಟಲಿ ಮೂಲದ ಜೆಸ್ಯೂಟ್ ಪಾದ್ರಿ ಫೆನಿಚಿಯೊ 1603ರಲ್ಲಿ ನೀಲಗಿರಿಯನ್ನು ಹತ್ತಿದ. ಅವನು ಹುಡುಕಿದ ಕ್ರೈಸ್ತರು ಸಿಗಲಿಲ್ಲ, ತೋಡರು ಸಿಕ್ಕರು. ಜೊತೆಗೆ ಬಡಗರ ಹಳ್ಳಿಗಳೂ ಸಿಕ್ಕವು. ಅವನ ವರದಿ 1906ರಲ್ಲಿ ಪ್ರಕಟವಾದ ರಿವರ್ಸ್ ಅವರ 'ತೋಡರು' ಗ್ರಂಥದ ಅನುಬಂಧದಲ್ಲಿ ಇಂಗ್ಲಿಷಿನಲ್ಲಿ ಬಂದಿದೆ. ಟಿಪ್ಪು ಆಳಿದ್ದು 1782ರಿಂದ 1799ರವರೆಗೆ. ಹೀಗಾಗಿ ಅವನ ಕಾಟಕ್ಕೆ ಹೆದರಿ ಮೊಟ್ಟಮೊದಲಿಗೆ ಬೆಟ್ಟವೇರಿದರು ಎಂಬ ಮಾತು ನಿಲ್ಲುವುದಿಲ್ಲ. ಪಾದ್ರಿಗೆ ಬಡಗರ ಚರಿತ್ರೆಯಲ್ಲಿ ಆಸಕ್ತಿಯಿರಲಿಲ್ಲ, ಅವರ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಏನನ್ನೂ ಸಾಧಿಸಬೇಕಾಗಿರಲಿಲ್ಲ. ಅವರ ವಿಷಯದಲ್ಲಿ ಅವನ ಸಾಕ್ಷ್ಯಕ್ಕೆ ತೂಕ ಬಂದಿರುವುದು ಅದರಿಂದಲೇ. ತಾನು ಸಾಕ್ಷಿ ಹೇಳುತ್ತಿದ್ದೇನೆಂದು ಅರಿಯದ ಸಾಕ್ಷಿಯೇ ಮೇಲು ಎಂಬುದನ್ನು ಫ್ರಾನ್ಸಿನ ಇತಿಹಾಸಕಾರ ಮಾರ್ಕ್ ಬ್ಲಾಕ್ ಬಹಳ ಒತ್ತಿ ಹೇಳಿದ್ದಾರೆ.

ಇಲ್ಲೊಂದು ಬಲೆಯೂ ಇದೆ. 'ಬಡಗ' ಎಂಬ ಹೆಸರು ಫೆನಿಚಿಯೊಗಿಂತ ಅರುವತ್ತು ವರ್ಷ ಹಿಂದೆಯೇ ಪಾದ್ರಿಗಳ ಕಾಗದಗಳಲ್ಲಿ ಬರುತ್ತದೆ. 1544ರಲ್ಲಿ ಫ್ರಾನ್ಸಿಸ್ ಝೇವಿಯರ್ ಕನ್ಯಾಕುಮಾರಿಯ ಕಡಲಂಚಿನ ಪರವರ ಮೇಲೆ ಬಡಗರು ದಾಳಿ ಮಾಡಿದರೆಂದು ಬರೆದಿದ್ದಾರೆ. ಅವಸರದ ಓದುಗನು ಇದನ್ನು ಕಂಡು ಬಡಗರು ಆಗಲೇ ಕನ್ಯಾಕುಮಾರಿಯವರೆಗೆ ಹಬ್ಬಿದ್ದರೆಂದು ಬರೆದಾನು. ಆದರೆ ಅವರು ವಿಜಯನಗರದ ಪರವಾಗಿ ಬಂದ ಸೈನಿಕರು. ತಮಿಳರ ದೃಷ್ಟಿಯಲ್ಲಿ ಬಡಗಣಿಂದ ಬಂದವರೆಲ್ಲರೂ ಬಡಗರೇ! ನೀವೂ ನಾನೂ ಈ ಅರ್ಥದಲ್ಲಿ ಬಡಗರೇ. ಹೆಸರು ಒಂದಾದ ಮಾತ್ರಕ್ಕೆ ಜನ ಒಂದಲ್ಲ.

ಎರಡನೆಯ ವೋಚರು ಭಾಷೆಯದು. ಹಳಗನ್ನಡದ ಪಾಲು, ಪಟ್ಟಿ ಎಂಬ ರೂಪಗಳು ಹಾಲು, ಹಟ್ಟಿ ಎಂದು ಮಾರ್ಪಟ್ಟದ್ದು ನಮಗೆ ಗೊತ್ತು. ಈ ಬದಲಾವಣೆ ಹತ್ತನೆಯ ಶತಮಾನದ ಸುಮಾರಿಗೆ ತಲೆದೋರಿ ಹದಿನಾಲ್ಕರ ಹೊತ್ತಿಗೆ ನೆಲೆಗೊಂಡಿತು. ಬಡಗರ ನುಡಿಯಲ್ಲಿಯೂ ಊರಿಗೆ ಹಟ್ಟಿ ಎಂದೇ ಹೆಸರು. ಎಂದರೆ ಅವರು ಕನ್ನಡದ ಮುಖ್ಯ ಪ್ರವಾಹದಿಂದ ಬೇರ್ಪಟ್ಟದ್ದು ಈ ಪಕಾರ ಹಕಾರವಾದ ಮೇಲೆ ಎಂದು ಅನುಮಾನಿಸಬಹುದು. ಆದರೆ ಇದು ಕೆಳಗಿನ ಗಡಿಯನ್ನು ಮಾತ್ರ ತೋರಿಸುತ್ತದೆ, ವರ್ಷವನ್ನಲ್ಲ. ಬೇರ್ಪಟ್ಟ ಮೇಲೂ ಕೆಳನಾಡಿನೊಡನೆ ಕೊಳುಕೊಡೆ ಇದ್ದರೆ ಇಂಥ ಬದಲಾವಣೆ ಬೆಟ್ಟವನ್ನು ಹತ್ತಿ ಬರಲೂಬಹುದು. ಬಡಗ ನುಡಿಯಲ್ಲಿ ನಾಲಿಗೆಯನ್ನು ಮಡಿಸಿ ಉಚ್ಚರಿಸುವ ಸ್ವರಗಳಿವೆಯೆಂದು ಎಮೆನೋ ಅವರು 1939ರಲ್ಲಿ ಪ್ರಕಟಿಸಿದ ಲೇಖನ ಭಾಷಾವಿಜ್ಞಾನಿಗಳಲ್ಲಿ ಪ್ರಸಿದ್ಧವಾದದ್ದು. ಅಂಥ ಸ್ವರಗಳು ನಮ್ಮ ಕನ್ನಡದಲ್ಲಿಲ್ಲ. ಬೇರ್ಪಟ್ಟ ಅನಂತರ ಸಾಕಷ್ಟು ಕಾಲ ಸಂದಿದೆ ಎಂಬುದಕ್ಕೆ ಇದೊಂದು ಸೂಚನೆ.

ಈ ಎಲ್ಲ ಎಳೆಗಳನ್ನೂ ಹಟ್ಟಿಗಳಲ್ಲಿ ನಡೆಸಿದ ದೀರ್ಘಕಾಲದ ಕ್ಷೇತ್ರಕಾರ್ಯವನ್ನೂ ಜೋಡಿಸಿ ಪಾಲ್ ಹಾಕಿಂಗ್ಸ್ ಅವರು 1980ರಲ್ಲಿ ಬಡಗರ ಸಾಮಾಜಿಕ ಚರಿತ್ರೆಯನ್ನು ಬರೆದರು. 1565ರಲ್ಲಿ ವಿಜಯನಗರದ ಪತನವಾಗಿ ದಕ್ಷಿಣದಲ್ಲಿ ಅರಾಜಕತೆ ತಲೆದೋರಿದಾಗ ಮೈಸೂರಿನ ತೆಂಕಣ ಬಯಲಿನಿಂದ ಕುಟುಂಬಗಳು ಅಲೆಅಲೆಯಾಗಿ ಬೆಟ್ಟವೇರಿದುವೆಂದು ಅವರ ತೀರ್ಮಾನ. ಅಲ್ಲಿಗೆ ಕಥೆ ಸುಳ್ಳಾಯಿತೇ? ಒಂದು ರಾತ್ರಿ, ಏಳು ಸೋದರರು, ಒಬ್ಬ ದೊರೆ ಎಂಬ ಸಂಗತಿಗಳಿಗೆ ಪುಷ್ಟಿಯಿಲ್ಲ. ತೆಂಕಣ ಮೈಸೂರು, ಕಲಹದ ಕಾಲ, ಆಶ್ರಯ ಬೇಡಿ ಬಂದವರು ಎಂಬ ಅಂಶಗಳಿಗೆ ಪುಷ್ಟಿಯಿದೆ. ಕಥೆಯನ್ನು ಇಡಿಯಾಗಿ ನುಂಗುವವನೂ ಇಡಿಯಾಗಿ ಉಗುಳುವವನೂ ಇಷ್ಟನ್ನು ಅರಿಯಲಾರ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಸಮಾಜಶಾಸ್ತ್ರ ಪ್ರವೇಶಿಸುವುದು ಇಲ್ಲಿಯೇ. ಇದೇ ಕಥೆ ಬಡಗರದು ಮಾತ್ರವಲ್ಲ. ಕಂಬಂ ಕಣಿವೆಯ ಕನ್ನಡ ಮಾತನಾಡುವ ಕಪ್ಪಿಲಿಯರಲ್ಲಿ ಇದೆ. ತೆಲುಗು ಮಾತನಾಡುವ ತೊಟ್ಟಿಯರಲ್ಲಿಯೂ ಇದೆ. 1909ರಲ್ಲಿ ಏಳು ಸಂಪುಟಗಳಾಗಿ ಹೊರಬಂದ ಥರ್ಸ್ಟನ್ನರ ಜಾತಿಕೋಶವನ್ನು ತಿರುವಿಹಾಕಿದರೆ ಹೆಣ್ಣನ್ನು ಬೇಡಿದ ದೊರೆ, ಓಡಿದ ಕುಲ, ದಾರಿಗಡ್ಡವಾದ ಹೊಳೆ, ದಡದಿಂದ ಬಾಗಿ ದಾಟಿಸಿದ ಹೊಂಗೆಮರ, ಇವೆಲ್ಲ ಮತ್ತೆ ಮತ್ತೆ ಎದುರಾಗುತ್ತವೆ. ಒಂದೇ ಘಟನೆ ಇಷ್ಟು ಕುಲಗಳಿಗೆ ಒದಗಿರಲಾರದು. ಹಾಗಾದರೆ ಕಥೆ ತಿಳಿಸುತ್ತಿರುವುದು ಏನನ್ನು? ನನಗೆ ತೋರುವಂತೆ, 'ನಾವೇಕೆ ಬಂದೆವು' ಎಂಬುದಕ್ಕಿಂತ ಹೆಚ್ಚಾಗಿ 'ನಾವು ಯಾರಿಗೆ ಹೆಣ್ಣು ಕೊಡುವುದಿಲ್ಲ' ಎಂಬುದನ್ನು. ಪರನಾಡಿಗೆ ಬಂದು ನೆರೆಹೊರೆಯವರ ನಡುವೆ ಕರಗಿಹೋಗದೆ ಉಳಿಯಬೇಕಾದ ಗುಂಪಿಗೆ ಮದುವೆಯ ಎಲ್ಲೆಯೇ ಕೋಟೆ. ಆ ಕೋಟೆಗೆ ಕಥೆ ಕಾವಲು. ಹದಿನಾರನೆಯ ಶತಮಾನದ ಬಗ್ಗೆ ಅದು ದುರ್ಬಲ ಆಕರ, ಅದನ್ನು ಹೇಳುತ್ತ ಬಂದ ಪ್ರತಿಯೊಂದು ತಲೆಮಾರಿನ ಬಗ್ಗೆ ಪ್ರಬಲ ಆಕರ. ಈ ಕಥೆಗಳಲ್ಲಿ ಆ ಹೆಣ್ಣಿಗೆ ಮಾತೇ ಇಲ್ಲ ಎಂಬುದನ್ನೂ ಗಮನಿಸಬೇಕು. ಸೋದರರು ನಿರ್ಧರಿಸುತ್ತಾರೆ, ಅವಳು ಹೊರಡುತ್ತಾಳೆ. ಅದೂ ಒಂದು ಸಾಮಾಜಿಕ ಸತ್ಯವೇ.

ಹಾಗಾದರೆ ಬರಹದಲ್ಲಿರುವ ದಾಖಲೆ ಮುಗ್ಧವೇ? ನಮ್ಮ ಚೆನ್ನೈಯ ಸರ್ಕಾರೀ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಮೆಕೆಂಜಿ ಸಂಗ್ರಹದ ಕೈಫಿಯತ್ತುಗಳಿವೆ. ಅವುಗಳಲ್ಲಿ ಕನ್ನಡದವನ್ನು ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿ ಮಹೋಪಕಾರ ಮಾಡಿದೆ. ಟಿಪ್ಪುವಿನ ಪತನದ ಬೆನ್ನಿಗೆ ಮೈಸೂರಿನ ಮೋಜಣಿಗೆ ಬಂದ ಕರ್ನಲ್ ಮೆಕೆಂಜಿ, ಕಾವಲಿ ಬೊರಯ್ಯ, ಲಕ್ಷ್ಮಯ್ಯ ಮುಂತಾದ ಸಹಾಯಕರನ್ನು ಊರೂರಿಗೆ ಅಟ್ಟಿ ವಿವರಗಳನ್ನು ಬರೆಸಿದ. ಉತ್ತರ ಕೊಟ್ಟವರು ಯಾರು? ಬಹುಮಟ್ಟಿಗೆ ಶಾನುಭೋಗರು, ಮಠ ದೇವಾಲಯಗಳವರು, ಹಳೆಯ ಪಾಳೆಯಗಾರರ ಮನೆತನದವರು. ಕೇಳಿದವನು ಹೊಸ ದೊರೆತನದ ಅಧಿಕಾರಿ. ಇನಾಮು ಉಳಿಯುವುದೋ ಹೋಗುವುದೋ ಎಂಬ ಆತಂಕದಲ್ಲಿದ್ದವನು ತನ್ನ ವಂಶದ ಹಿರಿಮೆಯನ್ನು ಎಷ್ಟು ಹಿಂದಕ್ಕೆ ಒಯ್ಯಬಲ್ಲನೆಂಬುದನ್ನು ನೀವೇ ಊಹಿಸಿ. ಇದರಿಂದ ಕೈಫಿಯತ್ತುಗಳು ನಿರುಪಯುಕ್ತವಾಗುವುದಿಲ್ಲ. ಯಾರು, ಯಾರಿಗೆ, ಏನನ್ನು ಬಯಸಿ ಹೇಳಿದರೆಂಬುದನ್ನು ಅಂಚಿನಲ್ಲಿ ಬರೆದುಕೊಂಡು ಓದಬೇಕಾಗುತ್ತದೆ, ಅಷ್ಟೇ.

ಶಾಸನಗಳ ವಿಷಯವೂ ಹೀಗೆಯೇ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಬಂದ ಮೇಲೆ ರಾಜರ ವಂಶಾವಳಿಯನ್ನು ದಾಟಿ ಜನಜೀವನವನ್ನು ಶಾಸನಗಳಿಂದ ಹೆಕ್ಕುವ ದಾರಿ ನಮಗೆ ತೆರೆಯಿತು. ಆದರೆ ದಾನ ಕೊಟ್ಟವರು ಕಲ್ಲಿನಲ್ಲಿ ಉಳಿದಷ್ಟು, ದಾನದ ಹೊಲವನ್ನು ಉತ್ತವರು ಉಳಿಯಲಿಲ್ಲ.

ಇಲ್ಲಿ ನಮ್ಮ ಹಿಂದಿನ ಮೀಮಾಂಸಕರು ಕೈಹಿಡಿಯುತ್ತಾರೆ. ಭಾಟ್ಟ ಮೀಮಾಂಸೆಯಲ್ಲಿ ಅನುಪಲಬ್ಧಿ ಎಂಬುದು ಒಂದು ಪ್ರತ್ಯೇಕ ಪ್ರಮಾಣ. ವಸ್ತು ಕಾಣದಿರುವುದರಿಂದ ಅದಿಲ್ಲವೆಂದು ತಿಳಿಯುವುದು. ಆದರೆ ಸುಮ್ಮನೆ ಕಾಣದಿದ್ದರೆ ಸಾಲದು. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎನ್ನುವ ಸಂದರ್ಭವಿರಬೇಕು. ಅದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳಲು ಬಾರದು. ಐತಿಹಾಸಿಕ ಸಮಾಜಶಾಸ್ತ್ರದಲ್ಲಿ ಇದಕ್ಕಿಂತ ಪ್ರಯೋಜನಕಾರಿಯಾದ ಸೂತ್ರವನ್ನು ನಾನು ಕಂಡಿಲ್ಲ. ಪಾಶ್ಚಾತ್ಯರು ಮೌನದಿಂದ ಹೂಡುವ ವಾದ ಎಂದು ಅನುಮಾನದಿಂದ ನೋಡುವ ವಿಷಯವನ್ನು ನಮ್ಮವರು ಒಂದು ವಿಶೇಷಣದಿಂದ ಬಗೆಹರಿಸಿದ್ದಾರೆ.

ನಮ್ಮ ಗ್ರಂಥಕ್ಕೇ ಇದನ್ನು ಅನ್ವಯಿಸಿ ನೋಡೋಣ. ಚೆನ್ನೈಯ ಕನ್ನಡಿಗರೆಂದರೆ ನಮಗೆ ಥಟ್ಟನೆ ನೆನಪಾಗುವವರು ಯಾರು? ಕಡಂದಲೆಯಿಂದ ಬಂದು, ಅಡುಗೆಮನೆಯ ಚಾಕರಿಯಿಂದ ಮೇಲೆದ್ದು, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದ ಕೆ. ಕೃಷ್ಣರಾಯರು. ಅವರ ಜೀವನ ನಿಜಕ್ಕೂ ಸ್ಫೂರ್ತಿದಾಯಕವಾದದ್ದು. ಆದರೆ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆಯಲು ಬಂದ ಹುಡುಗರೆಲ್ಲರೂ ಮಾಲೀಕರಾಗಲಿಲ್ಲ. ಊರಿಗೆ ಹಿಂತಿರುಗಿದವರು, ಕಾಯಿಲೆ ಬಿದ್ದವರು, ಇಲ್ಲೇ ಯಾವುದೋ ತಮಿಳು ಮನೆಯ ಅಳಿಯನಾಗಿ ಕನ್ನಡವನ್ನು ಮರೆತವರು, ಇವರೆಲ್ಲ ಸಂಘದ ರಿಜಿಸ್ಟರಿನಲ್ಲಿ ಇಲ್ಲ. ಗೆದ್ದವರ ನೆನಪುಗಳನ್ನು ಮಾತ್ರ ಕಲೆಹಾಕಿ 'ಕನ್ನಡಿಗರು ಪರಿಶ್ರಮದಿಂದ ಮೇಲೆ ಬಂದರು' ಎಂದು ತೀರ್ಮಾನಿಸಿದರೆ, ಅದು ಕತ್ತಲ ಕೋಣೆಯಲ್ಲಿ ಕೊಡವಿಲ್ಲ ಎಂದು ಸಾರಿದಂತೆ. ಸಂಘದ ವಾರ್ಷಿಕ ವರದಿಯಲ್ಲಿ ಹೋಟೆಲು ಕಾರ್ಮಿಕರ ಹೆಸರು ಇಲ್ಲದಿರುವುದು ಯೋಗ್ಯಾನುಪಲಬ್ಧಿಯಲ್ಲ. ಚಂದಾ ಕೊಡಲಾರದವನು ಅಲ್ಲಿ ಕಾಣುವ ಸಂಭವವೇ ಇರಲಿಲ್ಲ.

ಬ್ರಿಟಿಷ್ ಸಮಾಜಶಾಸ್ತ್ರಜ್ಞ ಗೋಲ್ಡ್‌ಥೋರ್ಪ್ 1991ರಲ್ಲಿ ಒಂದು ಲೇಖನ ಬರೆದು ತಮ್ಮ ಶಾಸ್ತ್ರದ ದೊಡ್ಡ ದೊಡ್ಡವರನ್ನೇ ಕೆಣಕಿದರು. ಇತಿಹಾಸಕಾರನಿಗೆ ಇರುವುದು ಗತಕಾಲದಿಂದ ಉಳಿದು ಬಂದ ಅವಶೇಷಗಳು ಮಾತ್ರ. ಉಳಿಯದೆ ಹೋದದ್ದನ್ನು ಅವನು ಸೃಷ್ಟಿಸಲಾರ. ಸಮಾಜಶಾಸ್ತ್ರಜ್ಞನಾದರೋ ಜೀವಂತ ಜನರ ಬಳಿಗೆ ಹೋಗಿ ಹೊಸ ಸಾಕ್ಷ್ಯವನ್ನು ಉತ್ಪಾದಿಸಬಲ್ಲ. ಹಾಗಿರುವಾಗ ಬ್ಯಾರಿಂಗ್ಟನ್ ಮೂರ್, ಥೀಡಾ ಸ್ಕಾಚ್‌ಪೋಲ್ ಮುಂತಾದವರು ದೇಶದೇಶಗಳ ಕ್ರಾಂತಿಗಳನ್ನು ಹೋಲಿಸುತ್ತ, ಇತರ ಇತಿಹಾಸಕಾರರ ಗ್ರಂಥಗಳನ್ನೇ ಇಟ್ಟಿಗೆಗಳಂತೆ ಎತ್ತಿಕೊಂಡು ಗೋಪುರ ಕಟ್ಟುವುದು ಎಷ್ಟು ಭದ್ರ ಎಂಬುದು ಅವರ ಆಕ್ಷೇಪ. ಈ ಆಕ್ಷೇಪದಲ್ಲಿ ತಥ್ಯವಿದೆ ಎಂದು ನನ್ನ ಎಣಿಕೆ. ಆದರೂ ಹೋಲಿಕೆಯನ್ನು ಬಿಟ್ಟರೆ ಕಾರಣವನ್ನು ಅರಿಯುವ ದಾರಿ ಇನ್ನಾವುದಿದೆ? ಬಡಗರ ಕಥೆಯನ್ನು ತೊಟ್ಟಿಯರ ಕಥೆಯ ಪಕ್ಕದಲ್ಲಿಟ್ಟಾಗಲ್ಲವೇ ಅದರ ಮರ್ಮ ತಿಳಿದದ್ದು? ಮ್ಯಾಕ್ಸ್ ವೇಬರರ ಆದರ್ಶ ಮಾದರಿ ಎಂಬ ಪರಿಕಲ್ಪನೆಯೂ ಅಳತೆಗೋಲೇ ಹೊರತು ಲೋಕದ ಚಿತ್ರವಲ್ಲ. ಅಳತೆಗೋಲನ್ನೇ ಬಟ್ಟೆಯೆಂದು ಉಡುವವರಿಂದ ಶಾಸ್ತ್ರಕ್ಕೆ ಕೆಟ್ಟ ಹೆಸರು.

ನಮ್ಮ ಕೆಲಸ ಮಾತ್ರ ಈ ಎರಡು ಲೋಕಗಳ ಹೊಸ್ತಿಲ ಮೇಲಿದೆ. ಎಂಬತ್ತು ದಾಟಿದ ಹಿರಿಯರು ಇಂದು ನಮ್ಮೆದುರಿಗೆ ಕುಳಿತಿದ್ದಾರೆ. ಅವರು ಇರುವವರೆಗೆ ಹೊಸ ಸಾಕ್ಷ್ಯ ದೊರೆಯುತ್ತದೆ. ಆ ಮೇಲೆ ಉಳಿಯುವುದು ಅವಶೇಷ. ತರುಣರು ಆತುರಪಡಬೇಕಾದದ್ದು ಇದಕ್ಕಾಗಿ.

ನೆನಪನ್ನು ನಂಬಬಹುದೇ ಎಂಬ ಪ್ರಶ್ನೆಗೆ ಎಂ.ಎನ್. ಶ್ರೀನಿವಾಸರ ಉದಾಹರಣೆ ಇದೆ. ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿ 1948ರಲ್ಲಿ ಅವರು ಕ್ಷೇತ್ರಕಾರ್ಯ ಮಾಡಿದರು. 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಕೇಂದ್ರಕ್ಕೆ ಬೆಂಕಿಯಿಟ್ಟಾಗ, ಹದಿನೆಂಟು ವರ್ಷ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಭಸ್ಮವಾದವು. ಮೂಲ ಟಿಪ್ಪಣಿಗಳು ದೆಹಲಿಯಲ್ಲಿ ಉಳಿದಿದ್ದವು. ಆದರೂ ಅವರು ಮುಖ್ಯವಾಗಿ ನೆನಪನ್ನು ಆಧರಿಸಿ 1976ರಲ್ಲಿ ಹಳ್ಳಿಯ ಚಿತ್ರವನ್ನು ಹೊರತಂದರು. ಶೀರ್ಷಿಕೆಯಲ್ಲೇ ಅದು ನೆನಪಿನ ಹಳ್ಳಿ ಎಂದು ಒಪ್ಪಿಕೊಂಡರು. ಗ್ರಂಥಗಳಲ್ಲಿ ಕಾಣುವ ಜಾತಿ ಬೇರೆ, ಹೊಲದ ಬದುವಿನ ಮೇಲೆ ಕಾಣುವ ಜಾತಿ ಬೇರೆ ಎಂದು ಜೀವನಪರ್ಯಂತ ಸಾರಿದವರು ಅವರು. ಅವರ ಪೂರ್ವಿಕರು ತಮಿಳುನಾಡಿನಿಂದ ಮೈಸೂರು ಸೀಮೆಗೆ ಹೋಗಿ ನೆಲಸಿದವರು. ನಾವು ಬಂದ ದಾರಿಯ ಎದುರು ದಿಕ್ಕಿನಲ್ಲಿ ಹೋದ ಕುಟುಂಬದವರೊಬ್ಬರು ಕನ್ನಡ ಹಳ್ಳಿಯನ್ನು ಜಗತ್ತಿಗೆ ತಿಳಿಸಿದರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ನೆನಪಿನ ವಿಷಯದಲ್ಲಿ ಒಂದು ಕಠಿಣ ಪರೀಕ್ಷೆ ನಮ್ಮ ಸಮಿತಿಗೆ ಕಾದಿದೆ. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ರಾಜಪತ್ರದಲ್ಲಿ ಪ್ರಕಟವಾದ ಬೆನ್ನಲ್ಲೇ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಿಂಸೆ ನಡೆಯಿತು. ಇತ್ತ ತಮಿಳುನಾಡಿನಲ್ಲಿಯೂ ಕನ್ನಡಿಗರು ತೊಂದರೆಗೊಳಗಾದರು. ಆ ದಿನಗಳನ್ನು ಕುರಿತು ನಮ್ಮ ಹಿರಿಯರು ಹೇಳುವುದನ್ನು ಖಂಡಿತವಾಗಿ ಬರೆದುಕೊಳ್ಳಬೇಕು. ಬೀಗ ಹಾಕಿಕೊಂಡು ಕುಳಿತ ರಾತ್ರಿಯೂ ಬರಬೇಕು, ಬಾಗಿಲಲ್ಲಿ ನಿಂತು ಕಾಯ್ದ ನೆರೆಮನೆಯವರೂ ಬರಬೇಕು. ಆದರೆ ಬೆಂಗಳೂರಿನಿಂದ ಓಡಿಬಂದ ತಮಿಳು ಕುಟುಂಬಗಳು ಈ ನಗರದಲ್ಲಿಯೂ ಇವೆ. ಅವರನ್ನೂ ಕೇಳಬೇಕೆಂದು ನಾನು ಸೂಚಿಸಿದಾಗ ಸಮಿತಿಯ ಒಬ್ಬ ಹಿರಿಯರು ಮುಖ ಕಿವಿಚಿಕೊಂಡರು. ಇದು ಉದಾರತೆಯ ಮಾತಲ್ಲ, ಪ್ರಮಾಣದ ಮಾತು. ಒಂದು ಪಕ್ಷದ ವೋಚರುಗಳನ್ನು ಮಾತ್ರ ನೋಡಿ ಲೆಕ್ಕಕ್ಕೆ ಸಹಿ ಹಾಕುವ ತಪಾಸಣಾಧಿಕಾರಿಯನ್ನು ನೀವು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ.

ಕೊನೆಯದಾಗಿ ಅಂಕಿಸಂಖ್ಯೆಗಳು. ನಮ್ಮ ಗ್ರಂಥದ ಮೊದಲ ಪುಟದಲ್ಲೇ ತಮಿಳುನಾಡಿನ ಕನ್ನಡಿಗರ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕಬೇಕೆಂದು ತೀರ್ಮಾನವಾಗಿದೆ. 2011ರ ಜನಗಣತಿಯಂತೆ ಅದು ರಾಜ್ಯದ ಜನಸಂಖ್ಯೆಯ ಶೇಕಡಾ 1.78. ಸಂತೋಷ. ಆದರೆ ಜನಗಣತಿಯ ಪಟ್ಟಿಯಲ್ಲಿ ಬಡಗ ಮತ್ತು ಕುರುಂಬ ಮಾತೃಭಾಷೆಗಳು ಕನ್ನಡದ ಶೀರ್ಷಿಕೆಯಡಿ ಸೇರಿವೆ. ಬಡಗವೊಂದೇ ಸುಮಾರು 1.3 ಲಕ್ಷ. ತಮ್ಮದು ಸ್ವತಂತ್ರ ಭಾಷೆಯೆಂದು ಬಡಗರಲ್ಲಿ ಅನೇಕರ ದೃಢವಾದ ನಂಬಿಕೆ. ಭಾಷಾವಿಜ್ಞಾನಿಗಳಲ್ಲಿಯೂ ಒಮ್ಮತವಿಲ್ಲ. ಅವರನ್ನು ಕೇಳದೆ ನಮ್ಮ ಸಂಖ್ಯೆಗೆ ಅವರನ್ನು ಸೇರಿಸಿಕೊಂಡು ಹಿಗ್ಗುವುದು ಎಷ್ಟು ನ್ಯಾಯ? ಅಂಕಿಗಳು ಸಮಾಜವನ್ನು ಎಣಿಸುತ್ತವೆ, ಜೊತೆಗೆ ರೂಪಿಸುತ್ತವೆ ಎಂಬುದನ್ನು ಬರ್ನಾರ್ಡ್ ಕೋನ್ ಎಂಬ ವಿದ್ವಾಂಸರು ಭಾರತದ ಜನಗಣತಿಯನ್ನೇ ಮುಂದಿಟ್ಟುಕೊಂಡು ತೋರಿಸಿದ್ದಾರೆ. 1901ರಲ್ಲಿ ರಿಸ್ಲಿ ಸಾಹೇಬರು ಜಾತಿಗಳನ್ನು ಮೇಲುಕೀಳಿನ ಕ್ರಮದಲ್ಲಿ ಜೋಡಿಸಲು ಹೊರಟರು. ತಮ್ಮನ್ನು ಮೇಲಿನ ಮೆಟ್ಟಿಲಲ್ಲಿ ಬರೆಯಿರಿ ಎಂದು ಜಾತಿಸಂಘಗಳಿಂದ ಅರ್ಜಿಗಳ ಮಹಾಪೂರವೇ ಹರಿಯಿತು. ಎಣಿಸಲು ಹೋದದ್ದು, ಹೊಸ ಸಂಘಟನೆಗಳಿಗೆ ಕಾರಣವಾಯಿತು.

2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದಕ್ಕೆ ಹೋಗಿ, 2027ಕ್ಕೆ ನಿಗದಿಯಾಗಿದೆ; ಜಾತಿಯನ್ನೂ ಎಣಿಸುವುದಾಗಿ ಸರ್ಕಾರ ಪ್ರಕಟಿಸಿದೆ. ಗಣತಿದಾರರು ಮಾತೃಭಾಷೆಯನ್ನು ಕೇಳುತ್ತಾರೆ. ಜನಗಣತಿಯ ವ್ಯಾಖ್ಯೆಯಲ್ಲಿ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿಯು ಆ ವ್ಯಕ್ತಿಯೊಡನೆ ಆಡಿದ ಭಾಷೆ. ತಾಯಿ ಶೈಶವದಲ್ಲೇ ತೀರಿಕೊಂಡಿದ್ದರೆ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಅಭಿಮಾನದ ಭಾಷೆಯಲ್ಲ, ತಂದೆಯ ಊರಿನ ಭಾಷೆಯಲ್ಲ, ಸಂಘದ ಸದಸ್ಯತ್ವದ ಭಾಷೆಯೂ ಅಲ್ಲ. ಈ ಸಭೆಯಲ್ಲಿರುವವರ ಮೊಮ್ಮಕ್ಕಳಲ್ಲಿ ಎಷ್ಟು ಮಂದಿಯೊಡನೆ ಅವರ ತಾಯಿ ಕನ್ನಡದಲ್ಲಿ ಮಾತನಾಡುತ್ತಾಳೆ? ನನ್ನ ಮನೆಯಲ್ಲಿಯೇ ಸೊಸೆ ಕುಂಭಕೋಣದವಳು. ಮಗುವಿಗೆ ತಮಿಳಿನಲ್ಲಿ ಜೋಗುಳ ಹಾಡುತ್ತಾಳೆ, ನನ್ನ ಹೆಂಡತಿ ಕನ್ನಡದಲ್ಲಿ ಊಟ ಮಾಡಿಸುತ್ತಾಳೆ. ವ್ಯಾಖ್ಯೆಯಂತೆ ಆ ಮಗುವಿನ ಮಾತೃಭಾಷೆ ತಮಿಳು. ಗಣತಿದಾರರ ಎದುರು ಹಾಗೆಯೇ ಹೇಳುವುದೆಂದು ನಾವು ಮನೆಯಲ್ಲಿ ಮಾತನಾಡಿಕೊಂಡಿದ್ದೇವೆ. ನಮ್ಮ ಸಂಘದ ಪ್ರಶ್ನಾವಳಿಯಲ್ಲಿ ಮಾತ್ರ ಒಂದು ಸಾಲನ್ನು ಹೆಚ್ಚಿಗೆ ಸೇರಿಸಬೇಕೆಂದು ಸಂಪಾದಕ ಸಮಿತಿಯನ್ನು ಕೋರುತ್ತೇನೆ: ಈ ಮನೆಯಲ್ಲಿ ಯಾರು ಯಾರೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಾರೆ? ಉತ್ತರ ಕೊಟ್ಟವರು ಯಾರು, ಕೇಳಿದವರು ಯಾರು, ಆಗ ಕೋಣೆಯಲ್ಲಿ ಇನ್ನು ಯಾರಿದ್ದರು ಎಂಬುದನ್ನು ಬರೆಯಲು ಅಂಚಿನಲ್ಲಿ ಜಾಗ ಬಿಡಿ.

ಪ್ರಶ್ನೆಗಳಿದ್ದರೆ ಕೇಳಬಹುದು. ಎಲೆ ಹಾಕಲು ಇನ್ನೂ ಹದಿನೈದು ನಿಮಿಷವಿದೆಯೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ.